ಬುಲೆಟ್‌ಗೆ ಹಾಕಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಹೇಳಿದ್ದೀರಾ?

ಬಿದ್ದ ಬೈಕಿನ ನಷ್ಟ ಅಳೆಯಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ನನ್ನ ಬೈಕನ್ನು ಎರಡು ಸುತ್ತು ಬಂದು ನೋಡಿದರು. ಫೋಟೋ ತೆಗೆದರು. ಆಮೇಲೆ ಕ್ರ್ಯಾಶ್ ಗಾರ್ಡ್‌ಗೆ ಕಟ್ಟಿದ್ದ ಎರಡು ಎಲ್‌ಇಡಿ ಲೈಟ್ ಕಡೆ ಪೆನ್ ತೋರಿಸಿ, "ಇದು ಪಾಲಿಸಿಯಲ್ಲಿ ಇದೆಯಾ?" ಅಂತ ಕೇಳಿದರು.

ನನಗೆ ಆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಲೈಟ್ ಬೈಕಿನಲ್ಲಿದೆ, ಬೈಕ್ ಪಾಲಿಸಿಯಲ್ಲಿದೆ, ಹಾಗಾದರೆ ಲೈಟೂ ಇರಲೇಬೇಕು ಅಲ್ವಾ? ಹಾಗೇ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಬರೆದುಕೊಂಡರು. ವಿರಾಜಪೇಟೆಯ ಆ ಗ್ಯಾರೇಜಿನ ಶೀಟಿನ ಮೇಲೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಬಡಿಯುತ್ತಿತ್ತು, ಮಾತು ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಆದರೆ ಆ ಒಂದು ಪ್ರಶ್ನೆ ಕೇಳಿಸಿತು. ಇವತ್ತು ಈ ಪೋಸ್ಟ್ ಬರೆಯುತ್ತಿರುವುದು ಅದೇ ಪ್ರಶ್ನೆಗಾಗಿ.

ಆಗಿದ್ದು ಇಷ್ಟು. 2023ರ ಜುಲೈ ಕೊನೆ. ಕೇರಳದ ಇರಿಟ್ಟಿಯಿಂದ ಮಾಕುಟ್ಟ ಘಾಟ್ ಹತ್ತಿ ವಾಪಸ್ ಬರುತ್ತಿದ್ದೆ. ಆ ರಸ್ತೆ ಗೊತ್ತಿರುವವರಿಗೆ ಮಳೆಗಾಲದಲ್ಲಿ ಅದು ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಎರಡೂ ಕಡೆ ಕಾಡು, ರಸ್ತೆ ಮೇಲೆ ಕೊಳೆತ ಎಲೆ, ಗುಡ್ಡದಿಂದ ಇಳಿದ ಕೆಂಪು ಮಣ್ಣು, ಸಂಜೆ ಐದಕ್ಕೇ ಕತ್ತಲೆ. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಬೈಕ್ ಎಡಕ್ಕೆ ಮಲಗಿ ಚರಂಡಿಯ ಕಲ್ಲಿಗೆ ಹೋಗಿ ನಿಂತಿತು. ನನಗೆ ಮೊಣಕಾಲು ತರಚಿತು, ಅಷ್ಟೇ. ಬೈಕಿಗೆ ಹ್ಯಾಂಡಲ್, ಹೆಡ್‌ಲೈಟ್, ಇಂಡಿಕೇಟರ್, ಟ್ಯಾಂಕಿನ ಒಂದು ಬದಿ, ಫುಟ್‌ರೆಸ್ಟ್, ಮುಂದಿನ ಟೈರ್, ಎಲ್ಲ ಹೋಯಿತು. ಮೇಲೆ ವೈರಿಂಗ್ ಸುಟ್ಟ ವಾಸನೆ.

ಬೈಕ್ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಬಾಯಿಮಾತಿಗೆ ಬುಲೆಟ್. 2019ರ ಅಕ್ಟೋಬರ್‌ನಲ್ಲಿ ತಗೊಂಡಿದ್ದು. ಮೂರು ವರ್ಷ ಒಂದೂ ಕ್ಲೈಮ್ ಮಾಡಿರಲಿಲ್ಲ. ನಮ್ಮೂರಿಗೆ ಬೇಕಾದ ಹಾಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿದ್ದೆ. ಮಂಜಿಗೆ ಅಂತ ಎರಡು ಲೈಟ್, 4,800 ರೂಪಾಯಿ. ಕ್ರ್ಯಾಶ್ ಗಾರ್ಡ್ 3,200. ಎರಡೂ ಬದಿ ಬ್ಯಾಗ್ ಕಟ್ಟಲು ಸ್ಯಾಡಲ್ ಸ್ಟೇ 2,600. ಇದೆಲ್ಲ ಶೋಕಿಗೆ ಹಾಕಿಸಿದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ ಕಡೆ, ಭಾಗಮಂಡಲ ಕಡೆ ರಾತ್ರಿ ಬೈಕ್ ಓಡಿಸಿದವರಿಗೆ ಗೊತ್ತು, ಕಂಪನಿಯ ಹೆಡ್‌ಲೈಟ್ ಬೆಳಕು ಮಂಜಿಗೆ ಬಡಿದು ವಾಪಸ್ ಮುಖಕ್ಕೇ ಬರುತ್ತದೆ. ಕೆಳಗೆ ಕೂತ ಹಳದಿ ಲೈಟ್ ರಸ್ತೆಯ ಅಂಚು ತೋರಿಸುತ್ತದೆ.

ರಿಪೇರಿ ಬಿಲ್ 28,600 ಆಯಿತು. ನನ್ನ ಖಾತೆಗೆ ಬಂದದ್ದು 9,650.

ಲೆಕ್ಕ ಪೂರ್ತಿ ಹೇಳುತ್ತೇನೆ. ಈ ಲೆಕ್ಕವನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಲೈಟ್, ಗಾರ್ಡ್, ಸ್ಟೇ ಮೂರೂ ಸೇರಿ 10,600 ಪಾಲಿಸಿಯಲ್ಲಿ ಇಲ್ಲ ಅಂತ ಹೋಯಿತು. ವೈರಿಂಗ್ ಹಾರ್ನೆಸ್ 4,500, ಅದೂ ಹೋಯಿತು, ಅದರ ಕಥೆ ಮುಂದೆ ಇದೆ. ಉಳಿದದ್ದು 13,500. ಅದರಲ್ಲಿ 7,000 ಲೋಹದ ಪಾರ್ಟ್ಸ್. ಮೂರು ವರ್ಷ ದಾಟಿ ನಾಲ್ಕು ತುಂಬದ ಬೈಕಿಗೆ ಲೋಹದ ಮೇಲೆ 25% ಸವಕಳಿ ಕಳೆಯುತ್ತಾರೆ, ಹಾಗಾಗಿ ಸಿಕ್ಕಿದ್ದು 5,250. ಪ್ಲಾಸ್ಟಿಕ್, ರಬ್ಬರ್, ಟೈರ್ 4,000 ರೂಪಾಯಿಯದ್ದು. ಅದಕ್ಕೆ ಬೈಕ್ ಎಷ್ಟೇ ಹೊಸದಿದ್ದರೂ ಅರ್ಧ ಮಾತ್ರ, 2,000. ಕೆಲಸದ ಕೂಲಿ 2,500 ಪೂರ್ತಿ ಕೊಟ್ಟರು. ಒಟ್ಟು 9,750, ಅದರಲ್ಲಿ ಎರಡು ಚಕ್ರದ ಗಾಡಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 100 ರೂಪಾಯಿ ಕಳೆದರು. ಝೀರೋ ಡೆಪ್ ಅನ್ನುವ ಹೆಚ್ಚುವರಿ ಕವರ್ ತಗೊಂಡಿದ್ದರೆ ಸವಕಳಿ ಉಳಿಯುತ್ತಿತ್ತು. ಅದು ಬೇರೆ ವಿಷಯ. ಈ ಕ್ಲೈಮ್‌ನಿಂದ 35% ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕೂಡ ಸೊನ್ನೆಗೆ ಇಳಿಯಿತು.

ಸಿಟ್ಟು ಬಂದಿದ್ದು ನಿಜ. ಮನೆಗೆ ಬಂದು ಪಾಲಿಸಿ ಪಿಡಿಎಫ್ ತೆರೆದು ಮೊದಲ ಸಲ ಸರಿಯಾಗಿ ಓದಿದೆ. ಮೊದಲ ಪುಟದಲ್ಲೇ ಐಡಿವಿ, ಅಂದರೆ ಬೈಕಿನ ವಿಮಾ ಬೆಲೆ, ಅಂತ ಒಂದು ಪಟ್ಟಿ. ಗಾಡಿಯ ಬೆಲೆ ಒಂದು ಕಡೆ. ಪಕ್ಕದಲ್ಲಿ ಎಲೆಕ್ಟ್ರಿಕಲ್ ಆಕ್ಸೆಸರೀಸ್: 0. ನಾನ್ ಎಲೆಕ್ಟ್ರಿಕಲ್ ಆಕ್ಸೆಸರೀಸ್: 0. ಎರಡು ಸೊನ್ನೆ. ಮೂರು ವರ್ಷವೂ ಅಲ್ಲೇ ಇದ್ದವು, ನಾನು ನೋಡಿರಲಿಲ್ಲ.

ನೋಡದೆ ಇದ್ದದ್ದು ಯಾಕೆ ಅಂದರೆ, ನಮ್ಮ ಕಡೆ ರಿನ್ಯೂವಲ್ ಆಗುವ ರೀತಿಯೇ ಹಾಗಿದೆ. ಏಜೆಂಟ್ ಫೋನ್ ಮಾಡುತ್ತಾರೆ, "ನಾಳೆ ಮುಗಿಯುತ್ತೆ, ಮಾಡಿಬಿಡ್ಲಾ?" ಅನ್ನುತ್ತಾರೆ, ನಾವು ತೋಟದಲ್ಲಿ ಎಲ್ಲೋ ಸಿಗ್ನಲ್ ಸಿಗುವ ಕಡೆ ನಿಂತು ಹೂಂ ಅಂದು, ಸಂಜೆ ಪೇಟೆಗೆ ಹೋದಾಗ ದುಡ್ಡು ಕಳಿಸುತ್ತೇವೆ. ಬೈಕಿಗೆ ಏನಾದರೂ ಹಾಕಿಸಿದ್ದೀರಾ ಅಂತ ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮೊಬೈಲ್‌ನಲ್ಲಿ ನಾವೇ ಮಾಡಿಕೊಂಡರೂ ಅಷ್ಟೇ. ಆ ಎರಡು ಖಾನೆ ಎಲ್ಲೋ ಕೆಳಗೆ ಮಡಚಿಕೊಂಡಿರುತ್ತವೆ, ಮುಟ್ಟದಿದ್ದರೆ ಸೊನ್ನೆ ಅಂತಲೇ ಹೋಗುತ್ತದೆ. ಕೆಲವರು ಬೇಕೆಂದೇ ಹೇಳುವುದಿಲ್ಲ, ಪ್ರೀಮಿಯಂ ಜಾಸ್ತಿ ಆಗುತ್ತದೆ ಅಂತ ಹೆದರಿಕೆ. ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕಿದವರು ಕಡಿಮೆ.

ನಾನು ಹಾಕಿದೆ. ಹಳೆಯ ಮೋಟಾರ್ ಟ್ಯಾರಿಫ್‌ನಲ್ಲಿ ಐಎಂಟಿ 24 ಅಂತ ಒಂದು ಎಂಡೋರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಷರತ್ತು, ಇದೆ. ಗಾಡಿಯ ಕಂಪನಿ ಬೆಲೆಯಲ್ಲಿ ಸೇರಿರದ ಎಲೆಕ್ಟ್ರಿಕಲ್ ಸಾಮಾನಿಗೆ, ಅದರ ಬೆಲೆಯ 4% ಹೆಚ್ಚುವರಿ ಪ್ರೀಮಿಯಂ. 2007ರಿಂದ ನಮ್ಮ ಗಾಡಿಯ ಡ್ಯಾಮೇಜ್ ಭಾಗದ ದರವನ್ನು ಕಂಪನಿಗಳೇ ತೀರ್ಮಾನಿಸುತ್ತವೆ, ಆದರೂ ನನ್ನ ಕಂಪನಿ ಹಾಕಿದ್ದು ಇದೇ 4%. ನನ್ನ 4,800 ರೂಪಾಯಿ ಲೈಟಿಗೆ ವರ್ಷಕ್ಕೆ 192. ಗಾರ್ಡ್, ಸ್ಟೇ ಥರದ ಎಲೆಕ್ಟ್ರಿಕಲ್ ಅಲ್ಲದ ಸಾಮಾನಿನ ಬೆಲೆ ಬೈಕಿನ ವಿಮಾ ಬೆಲೆಗೆ ಸೇರುತ್ತದೆ, ಅದಕ್ಕೆ ನೂರು ರೂಪಾಯಿ ಆಸುಪಾಸು. ಜಿಎಸ್‌ಟಿ ಸೇರಿಸಿದರೂ 350ರ ಒಳಗೆ ಮುಗಿಯುತ್ತದೆ. ಗೋಣಿಕೊಪ್ಪದ ಹೋಟೆಲಿನಲ್ಲಿ ಇಬ್ಬರು ಊಟ ಮಾಡಿ ಎದ್ದಷ್ಟು ದುಡ್ಡು.

ಈಗ ವೈರಿಂಗ್ ವಿಷಯ. ಲೈಟ್ ಹಾಕಿದ ಹುಡುಗ ರಿಲೇ ಇಡದೆ, ಫ್ಯೂಸ್ ಇಡದೆ, ಹೆಡ್‌ಲೈಟ್ ವೈರನ್ನೇ ಸುಲಿದು ಅಲ್ಲಿಂದ ಕನೆಕ್ಷನ್ ಎಳೆದು ಟೇಪ್ ಸುತ್ತಿದ್ದ. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ, ಆದರೆ ಅದರಿಂದ ಏನಾಗಬಹುದು ಅಂತ ಗೊತ್ತಿರಲಿಲ್ಲ. ಸರ್ವೇಯರ್ ಆ ಟೇಪ್ ಬಿಚ್ಚಿಸಿ ನೋಡಿದರು. ಹಾರ್ನೆಸ್ ಕರಗಿದ್ದು ಬಿದ್ದ ಏಟಿಗಲ್ಲ, ಶಾರ್ಟ್ ಆಗಿ ಅಂತ ಬರೆದರು. ಬೈಕ್ ಪಾಲಿಸಿಯಲ್ಲಿ ಒಂದು ಸಾಲಿದೆ: ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಬ್ರೇಕ್‌ಡೌನ್‌ಗೆ ಪರಿಹಾರ ಇಲ್ಲ. ಆ ಸಾಲಿನ ಕೆಳಗೆ ನನ್ನ 4,500 ಹೋಯಿತು. ಬಿದ್ದಾಗ ಕಲ್ಲಿಗೆ ಬಡಿದು ವೈರ್ ತುಂಡಾಗಿ ಶಾರ್ಟ್ ಆಗಿರಬಹುದಲ್ಲ ಅಂತ ನಾನು ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಅದೇ ಉತ್ತರ ಮತ್ತೆ ಬಂತು. ಅಲ್ಲಿಂದ ಮುಂದೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗುವ ದಾರಿ ಇದೆ, ಖರ್ಚಿಲ್ಲ, ವಕೀಲರೂ ಬೇಕಾಗಿಲ್ಲ, ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದ ಒಳಗೆ ಹೋಗಬೇಕು. ನಾನು ಹೋಗಲಿಲ್ಲ. ಲೈಟ್ ಇದೆ ಅಂತಲೇ ಹೇಳಿರದ ಮೇಲೆ, ಲೈಟಿನ ವೈರ್ ಸರಿಯಾಗಿತ್ತು ಅಂತ ಏನು ಇಟ್ಟುಕೊಂಡು ವಾದ ಮಾಡಲಿ? ನನ್ನ ಹತ್ತಿರ ಬಿಲ್ ಕೂಡ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಸಾಮಾನು, ಬಿಲ್ ಬೇಕಾದರೆ ಜಿಎಸ್‌ಟಿ ಬೀಳುತ್ತೆ ಅಂದಿದ್ದರು, ಬೇಡ ಅಂದಿದ್ದೆ.

ಇದಾದ ಮೇಲೆ ಪಾಲಿಸಿಯ ಉಳಿದ ಪುಟಗಳನ್ನೂ ಓದಿದೆ. ಕೆಲವು ಸಂಗತಿ ನಿಮಗೂ ಗೊತ್ತಿರಲಿ.

ಆಕ್ಸೆಸರಿ ಡಿಕ್ಲೇರ್ ಮಾಡಿದರೂ, ಅದೊಂದನ್ನೇ ಯಾರಾದರೂ ಬಿಚ್ಚಿಕೊಂಡು ಹೋದರೆ ಸಾಮಾನ್ಯ ಟೂ ವೀಲರ್ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ. ಬೈಕೂ ಜೊತೆಗೆ ಕಳುವಾಗಿರಬೇಕು. ಮಡಿಕೇರಿಯಲ್ಲಿ ದಸರಾ ದಿನ ಬೈಕ್ ನಿಲ್ಲಿಸಿ ದಶಮಂಟಪ ನೋಡಲು ಹೋದ ನನ್ನ ಗೆಳೆಯನ ಲೈಟ್ ಹಾಗೇ ಹೋಯಿತು, ಪೊಲೀಸ್ ದೂರು ಕೊಟ್ಟರೂ ವಿಮೆಯಿಂದ ಏನೂ ಬರಲಿಲ್ಲ. ಟೈರ್ ಕೂಡ ಒಂಟಿಯಾಗಿ ಹಾಳಾದರೆ ಇಲ್ಲ, ಬೈಕಿಗೂ ಏಟಾಗಿರಬೇಕು. ಖಾಸಗಿ ಬೈಕನ್ನು ಹೋಮ್‌ಸ್ಟೇಗೆ ಬಂದವರಿಗೆ ಬಾಡಿಗೆಗೆ ಕೊಟ್ಟಾಗ ಏನಾದರೂ ಆದರೆ ಪಾಲಿಸಿಯಿಂದ ಪರಿಹಾರ ಸಿಗುವುದಿಲ್ಲ, ರೇಸ್‌ಗೆ ಇಳಿಸಿದಾಗಲೂ ಅಷ್ಟೇ. ಬೇಸಿಗೆಯಲ್ಲಿ ಗದ್ದೆಯಲ್ಲಿ ನಡೆಯುವ ಆಟೋಕ್ರಾಸ್‌ಗೆ ಮನೆಯ ಬೈಕ್ ಒಯ್ಯುವ ಹುಡುಗರು ಇದನ್ನು ಒಂದು ಸಲ ಓದಿ.

ಇನ್ನು ಬಣ್ಣ. ಆರ್‌ಸಿಯಲ್ಲಿ ಬಣ್ಣ ಬರೆದಿರುತ್ತದೆ. ಪೊನ್ನಂಪೇಟೆಯ ನನ್ನ ಪರಿಚಯದವರೊಬ್ಬರು ಕೆಂಪು ಬೈಕಿಗೆ ಮ್ಯಾಟ್ ಕಪ್ಪು ಹೊಡೆಸಿ ಎರಡು ವರ್ಷ ಓಡಿಸಿದ್ದಾರೆ, ಆರ್‌ಸಿ ಇನ್ನೂ ಕೆಂಪೇ. ಇಲ್ಲಿ ವಿಮಾ ಕಂಪನಿಗೆ ಹೇಳಿದರೆ ಸಾಲದು, ಮೊದಲು ಆರ್‌ಟಿಓ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ಗಾಡಿ ಬದಲಾಯಿಸುವ ಹಾಗಿಲ್ಲ. ಬದಲಾವಣೆ ಅಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವ ಹಾಗೆ ರಚನೆಯಲ್ಲಿ ಮಾಡುವ ವ್ಯತ್ಯಾಸ ಅಂತ ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಬ್ಯಾಗ್ ಕಟ್ಟುವ ಸ್ಟೇ ಒಂದು ಮಾತು, ಫ್ರೇಮ್ ಕತ್ತರಿಸಿ ಹಿಂಭಾಗ ಮೋಟು ಮಾಡುವುದು ಬೇರೆಯೇ ಮಾತು. ನಮ್ಮ ಪಕ್ಕದ ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿ ಮಾಡಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಒಪ್ಪಿಗೆಯಿಲ್ಲದ ಇಂಥ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ದಂಡ, ಅಥವಾ ಎರಡೂ ಅಂತ ಆಯಿತು. ಬಣ್ಣಕ್ಕೆ, ಎಂಜಿನ್ ಬದಲಿಗೆ ಆರ್‌ಟಿಓದಲ್ಲಿ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬಹುದು. ಕುಟ್ಟ, ಶ್ರೀಮಂಗಲ ಕಡೆಯವರಿಗೆ ಮಡಿಕೇರಿಗೆ ಹೋಗಿ ಬರುವುದು ಅಂದರೆ ಒಂದು ದಿನವೇ ಬೇಕು, ಅದು ನನಗೂ ಗೊತ್ತು. ಆದರೂ ಹೋಗಬೇಕು. ಆಮೇಲೆ ಆ ಹೊಸ ಆರ್‌ಸಿ ಪ್ರತಿಯನ್ನು ವಿಮಾ ಕಂಪನಿಗೆ ಕಳಿಸಬೇಕು.

ಸೈಲೆನ್ಸರ್ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗ ನನ್ನನ್ನು ಕೇಳಿದ, "ಹಾಗಾದರೆ ಸೈಲೆನ್ಸರ್ ಕೂಡ ಡಿಕ್ಲೇರ್ ಮಾಡಿದರೆ ಆಯ್ತಲ್ವಾ?" ಆಗುವುದಿಲ್ಲ. ಡಿಕ್ಲೇರ್ ಮಾಡಿದ ಮಾತ್ರಕ್ಕೆ ಕಾನೂನಿಗೆ ವಿರುದ್ಧವಾದದ್ದು ಸರಿ ಆಗುವುದಿಲ್ಲ. ಶಬ್ದದ ಮಿತಿ ಮೀರಿದ ಗಾಡಿ ಓಡಿಸಿದರೆ 190ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಇದೆ, ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ. ಕಾನೂನು ಪಕ್ಕಕ್ಕಿಡಿ. ನಾವು ಇರುವುದು ಎಲ್ಲಿ? ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಬೆಳಿಗ್ಗೆ ಆರೂವರೆಗೆ ತೋಟಕ್ಕೆ ಹೋಗುವ ಹೆಂಗಸರು ರಸ್ತೆ ಬದಿ ನಡೆಯುತ್ತಿರುತ್ತಾರೆ. ಅದೇ ತೋಟದ ಒಳಗೆ ಆನೆ ನಿಂತಿರುತ್ತದೆ. ಗುಂಡು ಹೊಡೆದ ಹಾಗೆ ಪಟಪಟ ಅನ್ನಿಸಿಕೊಂಡು ಹೋಗುವವನು ಅರ್ಧ ನಿಮಿಷದಲ್ಲಿ ತಿರುವು ದಾಟಿಬಿಡುತ್ತಾನೆ. ಗಾಬರಿ ಬಿದ್ದ ಆನೆಯ ಎದುರು ಉಳಿಯುವವರು ನಡೆದು ಹೋಗುವವರು. ಚಿಕ್ಕಪ್ಪನ ಮಗ ಆ ತಮ್ಮನಿಗೂ ಇದನ್ನೇ ಹೇಳಿದೆ. ಅವನು ಎರಡು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಅಟ್ಟದ ಮೇಲಿದ್ದ ಕಂಪನಿ ಸೈಲೆನ್ಸರ್ ಇಳಿಸಿ ಹಾಕಿಸಿದ.

ಬೇರೆಯವರಿಗೆ ಏಟಾದರೆ ಏನು ಅನ್ನುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಪ್ರಶ್ನೆ. ಅವತ್ತು ಚರಂಡಿಯ ಕಲ್ಲಿನ ಜಾಗದಲ್ಲಿ ಒಬ್ಬ ಮನುಷ್ಯ ಇದ್ದಿದ್ದರೆ? ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಇರುವುದೇ ಆ ಮನುಷ್ಯನಿಗಾಗಿ. ಆಕ್ಸೆಸರಿ ಹೇಳಿಲ್ಲ ಅನ್ನುವ ಸಣ್ಣ ಕಾರಣಕ್ಕೆ ಅವನ ಪರಿಹಾರ ನಿಲ್ಲುವುದಿಲ್ಲ. ಆದರೆ ಕಾಯ್ದೆಯ 150ನೇ ಸೆಕ್ಷನ್ ಕಂಪನಿಗೆ ಬಿಟ್ಟಿರುವ ಕೆಲವೇ ವಾದಗಳಲ್ಲಿ ಒಂದು, ಮುಖ್ಯ ವಿಷಯ ಮುಚ್ಚಿಟ್ಟು ಈ ಪಾಲಿಸಿ ಪಡೆದಿದ್ದಾರೆ ಅನ್ನುವುದು. ಒಂದು ಜೋಡಿ ಲೈಟಿನ ಮೇಲೆ ಅಷ್ಟು ದೂರ ಹೋಗುವುದು ಕಷ್ಟ. ಎಂಜಿನ್ ಬದಲಿಸಿ, ಬ್ರೇಕ್ ಬದಲಿಸಿ, ಬಾಡಿಯೇ ಬೇರೆ ಮಾಡಿಕೊಂಡವರಿಗೆ ಅದು ದೂರದ ಮಾತಲ್ಲ. ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅಂತ ಆದೇಶ ಆಗುವ ಪ್ರಕರಣಗಳಿವೆ. ಅಂಥ ಮೊತ್ತ ಲಕ್ಷಗಳಲ್ಲಿ ಇರುತ್ತದೆ, ಎರಡು ಎಕರೆ ತೋಟ ಇರುವವರ ಕೈಯಲ್ಲಿ ಆಗುವಂಥದ್ದಲ್ಲ.

ಹಾಗಾಗಿ 2023ರ ಅಕ್ಟೋಬರ್ ರಿನ್ಯೂವಲ್‌ಗೆ ನಾನು ಏಜೆಂಟ್‌ಗೆ ಫೋನಿನಲ್ಲಿ ಹೂಂ ಅನ್ನಲಿಲ್ಲ. ಈ ಸಲ ಹೊಸದಾಗಿ ತಂದ ಲೈಟ್, ಗಾರ್ಡ್, ಸ್ಟೇ ಮೂರಕ್ಕೂ ಬಿಲ್ ತಗೊಂಡಿದ್ದೆ. ಬೆಲೆ ಹೆಚ್ಚುಕಡಿಮೆ ಮೊದಲಿನಷ್ಟೇ. ವೈರಿಂಗ್ ರಿಲೇ, ಫ್ಯೂಸ್ ಇಟ್ಟು ಮಾಡಿಸಿ, ಮಾಡಿದ ಅಂಗಡಿಯವರ ಕೈಯಲ್ಲೇ ಬಿಲ್ಲಿನ ಮೇಲೆ ಹಾಗಂತ ಬರೆಸಿದೆ. ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ನಾಲ್ಕೂ ಕಡೆಯಿಂದ ಫೋಟೋ ತೆಗೆದೆ, ನಂಬರ್ ಪ್ಲೇಟ್ ಕಾಣುವ ಹಾಗೆ. ಎಲ್ಲ ಸೇರಿಸಿ ಕಂಪನಿಯ ಇಮೇಲ್‌ಗೇ ಕಳಿಸಿದೆ, ಏಜೆಂಟ್‌ಗೆ ಅದರ ಪ್ರತಿ. ಏಜೆಂಟ್ ಒಳ್ಳೆಯವರು, ಹತ್ತು ವರ್ಷದ ಪರಿಚಯ. ಆದರೆ ಅವರು ಫೋನಿನಲ್ಲಿ "ಆಯ್ತು, ಹೇಳಿದ್ದೀನಿ" ಅಂದದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ, ಇಮೇಲ್‌ಗೆ ತಾರೀಖು ಇರುತ್ತದೆ. ಒಂದು ಲೈಟಿಗೆ ಇಷ್ಟೆಲ್ಲ ಯಾಕೆ ಅಂತ ಅವರು ಕೇಳಿದರು. ನಾನು 28,600ರ ಬಿಲ್ಲನ್ನು ವಾಟ್ಸಾಪ್ ಮಾಡಿದೆ.

ಪಾಲಿಸಿ ಅವಧಿಯ ನಡುವೆ ಏನಾದರೂ ಹಾಕಿಸಿದರೆ ರಿನ್ಯೂವಲ್‌ವರೆಗೆ ಕಾಯುವ ಅಗತ್ಯ ಇಲ್ಲ. ಎಂಡೋರ್ಸ್‌ಮೆಂಟ್ ಕೇಳಬಹುದು, ಉಳಿದ ತಿಂಗಳಿಗೆ ತಕ್ಕ ಹಾಗೆ ಪ್ರೀಮಿಯಂ ತಗೊಳ್ಳುತ್ತಾರೆ. ಗಾಡಿ ನೋಡಬೇಕು ಅಂದರೆ ತೋರಿಸಿ. ಕಂಪನಿ ಇಲ್ಲ ಅಂದರೆ, ಆ ಇಲ್ಲ ಅನ್ನುವುದನ್ನೂ ಬರಹದಲ್ಲೇ ಕೇಳಿ ಪಡೆಯಿರಿ. ಮೆಣಸಿನ ಚೀಲ, ಗೊಬ್ಬರದ ಚೀಲ ಇಡಲು ಹಿಂದೆ ಕಬ್ಬಿಣದ ಕ್ಯಾರಿಯರ್ ಬೆಸೆಸಿಕೊಂಡವರೂ ಇದನ್ನು ಓದುತ್ತಿರಬಹುದು, ಅದನ್ನೂ ಹೇಳಿ. ತೋಟದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಅನ್ನುವುದು ಸರ್ವೇಯರ್‌ಗೆ ಉತ್ತರ ಆಗುವುದಿಲ್ಲ.

ನಾಲ್ಕು ದಿನ ಬಿಟ್ಟು ಹೊಸ ಪಾಲಿಸಿ ಬಂತು. ನಾನು ಮೊದಲು ನೋಡಿದ್ದು ಆ ಎರಡು ಖಾನೆ. ಎಲೆಕ್ಟ್ರಿಕಲ್ 4,800, ನಾನ್ ಎಲೆಕ್ಟ್ರಿಕಲ್ 5,800. ಆ ಪುಟದ ಪ್ರಿಂಟ್ ತೆಗೆದು ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಅಲ್ಲಿಂದ ಪ್ರತಿ ರಿನ್ಯೂವಲ್‌ಗೂ ಮೊದಲು ಅದೇ ಖಾನೆ ನೋಡುತ್ತೇನೆ. ಸವಕಳಿ ಕಳೆದು ಮೊತ್ತ ವರ್ಷ ವರ್ಷ ಇಳಿಯುತ್ತದೆ, ಸೊನ್ನೆ ಆಗಿದೆಯಾ ಅಂತಷ್ಟೇ ನೋಡುವುದು.

ತಮ್ಮನ ಪಾಲಿಸಿ ಈ ತಿಂಗಳು 22ಕ್ಕೆ ಮುಗಿಯುತ್ತದೆ. ಅವನ ಬೈಕಿನಲ್ಲಿ ಲೈಟ್ ಇದೆ, ಮೊಬೈಲ್ ಚಾರ್ಜರ್ ಇದೆ, ಬೇರೆ ಸೀಟ್ ಇದೆ, ಬಿಲ್ ಇರುವುದು ಸೀಟಿಗೆ ಮಾತ್ರ. ಭಾನುವಾರ ಬೆಳಿಗ್ಗೆ ಬೈಕ್ ತೊಳೆದುಕೊಂಡು ಬಾ ಅಂದಿದ್ದೇನೆ, ಮಳೆ ಬಿಟ್ಟರೆ ಅಂಗಳದಲ್ಲೇ ಫೋಟೋ ತೆಗೆಯುತ್ತೇವೆ.